ಮಾಮಾ ಊಟಕ್ಕೆ ಕೂತ ಹೋಟೆಲುಗಳು

ನಮ್ಮ ಮಾಮಾ ಊಟಕ್ಕೆ ಕೂತರೆ ಸಾಕು, ಹೋಟೆಲೇ ಎದ್ದು ಹೋಗುತ್ತದೆ!

ಈ ಮಾತನ್ನು ನೀವು ಬೀದರಿನ ಭಾಲ್ಕಿ ರಸ್ತೆಯ ಕಡೆ ಯಾರ ಬಾಯಲ್ಲಿ ಬೇಕಾದರೂ ಕೇಳಬಹುದು. ಪಂಕ್ಚರ್ ಹಾಕುವವನು ಹೇಳುತ್ತಾನೆ, ಹಾಲಿನವನು ಹೇಳುತ್ತಾನೆ, ಬಗದಲ್ ಕಡೆಯಿಂದ ತರಕಾರಿ ತರುವ ಆಟೋದವನೂ ಹೇಳುತ್ತಾನೆ. ಎಲ್ಲರೂ ತಾವೇ ಹುಟ್ಟಿಸಿದ ಮಾತಿನ ಹಾಗೆ ಹೇಳುತ್ತಾರೆ. ಆದರೆ ಅದನ್ನು ಮೊದಲು ಹೇಳಿದವನು ನಾನು. ಈ ಜನ್ಮದಲ್ಲಿ ನಾನು ಊರಿಗೆ ಬಿಟ್ಟಿಯಾಗಿ ಕೊಟ್ಟ ವಸ್ತು ಅದೊಂದೇ. ಈಗ ಎಷ್ಟಾದರೂ ಕೊಟ್ಟು ವಾಪಸು ಕೊಳ್ಳಲು ತಯಾರಿದ್ದೇನೆ, ಮಾರುವವರೇ ಸಿಗುತ್ತಿಲ್ಲ.

ಮಾಮಾ ಅಂದರೆ ನಮ್ಮ ಅಕ್ಕನ ಗಂಡ. ನಮ್ಮ ಕಡೆ ಅಕ್ಕನ ಗಂಡನಿಗೂ ಮಾಮಾ ಎಂದೇ ಅನ್ನುವುದು. ಬೀದರ–ಔರಾದ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನೌಕರಿ ಮುಗಿಸಿ, ಊರ ಹೊರಗಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದರು. ಜಾಗ ಆರಿಸಿ ಕೊಟ್ಟವನು ನಾನೇ. ನೀವೂ ಜಾಗ ಕೊಳ್ಳುವವರಿದ್ದರೆ ಕೇಳಿಸಿಕೊಳ್ಳಿ: ಹೆದ್ದಾರಿಯ ಮೊದಲ ಸಾಲು ಮಾರುವವರಿಗೆ, ಎರಡನೇ ಸಾಲು ಮಲಗುವವರಿಗೆ. ಮಾಮಾಗೆ ಎರಡನೇ ಸಾಲಿನಲ್ಲಿ ಕೊಡಿಸಿದೆ. ಆದರೆ ಅವರು ಹಗಲೆಲ್ಲ ಮೊದಲ ಸಾಲಿನಲ್ಲೇ ಇರುತ್ತಿದ್ದರು, ಯಾವುದಾದರೂ ಒಂದು ಹೋಟೆಲಿನಲ್ಲಿ.

ಆ ರಸ್ತೆಯುದ್ದಕ್ಕೂ ಬರೀ ತಿನ್ನುವ ಜಾಗಗಳೇ. ರೊಟ್ಟಿ ಖಾನಾವಳಿ, ದೋಸೆ ಗಾಡಿ, ಒಗ್ಗರಣೆ ಮಂಡಕ್ಕಿಯ ಸುಸಲಾ, ಮಿರ್ಚಿ ಮಾರುವ ಅಂಗಡಿ, ಚಹಾದ ತಗಡಿನ ಶೆಡ್ಡು, ಬಣ್ಣದ ಬಲ್ಬು ಕಟ್ಟಿದ ಧಾಬಾ. ಕೆಲವು ಹಬ್ಬಕ್ಕೆ ಹುಟ್ಟಿ ಮುಂದಿನ ಹಬ್ಬಕ್ಕೆ ಸಾಯುತ್ತವೆ. ಹುಟ್ಟಿದಾಗಲೂ ಸತ್ತಾಗಲೂ ಜನ ಕರೆಯುವುದು ನನ್ನನ್ನೇ. ಯಾಕೆಂದರೆ ನನ್ನದು ಹಳೇ ಹೋಟೆಲ್ ಸಾಮಾನಿನ ವ್ಯಾಪಾರ. ಮುಚ್ಚಿದವನಿಂದ ಭಟ್ಟಿ, ಬೆಂಚು, ಪಾತ್ರೆ ಕೊಳ್ಳುತ್ತೇನೆ, ತೆರೆಯುವವನಿಗೆ ಮಾರುತ್ತೇನೆ. ಸೈಕಲ್ಲಿನ ಮೇಲೆ ಎರಡು ಪಾತ್ರೆ ಕಟ್ಟಿಕೊಂಡು ಶುರು ಮಾಡಿದವನಿಗೆ ಇವತ್ತು ಸ್ವಂತ ಟೆಂಪೋ ಇದೆ. ಒಂದೇ ಬೆಂಚನ್ನು ಐದು ಸಲ ಮಾರಿದ್ದೇನೆ! ಹಳೇ ಸಾಮಾನು ಕೊಳ್ಳುವಾಗ ಸಾಮಾನು ನೋಡುತ್ತ ಕೂಡಬೇಡಿ, ಮಾರುವವನ ಹೆಂಡತಿಯ ಮುಖ ನೋಡಿ. ಆಕೆ ಬೇಗ ಮನೆಗೆ ಹೋಗಬೇಕು ಅನ್ನುವ ಹಾಗಿದ್ದರೆ ದರ ತಾನೇ ಇಳಿಯುತ್ತದೆ.

ಇನ್ನು ಮಾಮಾನ ಹುಚ್ಚು. ನೀವು ಹಸಿದು ರಸ್ತೆಗೆ ಬಂದರೆ ಯಾವ ಹೋಟೆಲಿಗೆ ಹೋಗುತ್ತೀರಿ? ಜನ ಇರುವಲ್ಲಿಗೆ ತಾನೇ? ಮಾಮಾ ಜನ ಇಲ್ಲದಲ್ಲಿಗೆ ಹೋಗುತ್ತಿದ್ದರು. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನಡೆದು, ಒಳಗೆ ಇಣುಕಿ, ಮಾಲೀಕ ಒಬ್ಬನೇ ನೊಣ ಹೊಡೆಯುತ್ತ ಕೂತ ಜಾಗ ಸಿಕ್ಕರೆ ಅವರ ಮುಖ ಅರಳುತ್ತಿತ್ತು. ಕಂಡಕ್ಟರನಿಗೆ ಖಾಲಿ ಸೀಟು ಕಂಡರೆ ಸಂಕಟ ಅಂತಾರಲ್ಲ, ಹಾಗೆ!

ಒಂದು ದಿನ ಹಟ ಹಿಡಿದು ಅವರನ್ನು ಗದ್ದಲದ ಖಾನಾವಳಿಗೆ ಕರೆದೊಯ್ದೆ. ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೇಲೆ ಕೆನೆಮೊಸರು. ಜಾಗಕ್ಕಾಗಿ ಜನ ಬಾಗಿಲಲ್ಲಿ ನಿಂತಿದ್ದರು. ನಾನು ಹೇಗೋ ಎರಡು ಕುರ್ಚಿ ಗಿಟ್ಟಿಸಿದೆ. ಮಾಮಾ ಕೈ ತೊಳೆದುಕೊಂಡು ಬಂದವರು ಸುತ್ತ ನೋಡಿ, ಕೈ ಒರೆಸಿಕೊಂಡು ಹೊರಟೇಬಿಟ್ಟರು.

"ಎಲ್ಲಿ ಹೊಂಟ್ರಿ ಮಾಮಾ? ರೊಟ್ಟಿ ಬಂತು ನೋಡ್ರಿ!"

"ನೀ ಉಣ್ಣು ತಮ್ಮಾ. ಇಲ್ಲಿ ನನ್ನಿಂದ ಏನೂ ಆಗೋದಿಲ್ಲ."

ಏನಾಗಬೇಕು ಸ್ವಾಮಿ? ಊಟ ಮಾಡಲಿಕ್ಕೆ ಬಂದದ್ದೋ, ಹೋಟೆಲು ಉದ್ಧಾರ ಮಾಡಲಿಕ್ಕೋ? ನಾನು ಎರಡೂ ತಾಟು ಉಂಡೆ. ಬಡಿಸಿದ ಮೇಲೆ ಬಿಡುವ ಜಾಯಮಾನ ನನ್ನದಲ್ಲ.

ಭಾತಂಬ್ರಾದಿಂದ ಬಂದ ಒಬ್ಬಾತ ಅದೇ ಸಾಲಿನಲ್ಲಿ ದೋಸೆ ಹೋಟೆಲ್ ತೆರೆದಿದ್ದ. ಒಳ್ಳೆಯ ಮನುಷ್ಯ, ಕೆಟ್ಟ ಸಾಂಬಾರು. ಅವನ ದೋಸೆ ಹೆಂಚಿನಿಂದ ಏಳುವುದಕ್ಕಿಂತ ತಾಟಿನಿಂದ ಏಳುವುದೇ ಕಷ್ಟ. ಅಂಥಲ್ಲಿ ಮಾಮಾ ದಿನಾ ಕೂತು, ಎರಡನೇ ಸಲ ಸಾಂಬಾರು ಹಾಕಿಸಿಕೊಳ್ಳುತ್ತಿದ್ದರು! ಸುದ್ದಿ ಅಕ್ಕನ ಕಿವಿಗೆ ಬಿತ್ತು.

"ಏ ತಮ್ಮಾ, ನಿಮ್ಮ ಮಾಮಾಗ ಜರಾ ಕೇಳು," ಎಂದಳು ಅಕ್ಕ, ಅವರ ಎದುರಿಗೇ. "ಮನ್ಯಾಗ ಪಲ್ಯಾಕ ಒಂದ್ ಹರಳು ಉಪ್ಪು ಕಡಿಮಿ ಆದ್ರ ತಾಟು ಸರಸ್ತಾರ. ಅಲ್ಲಿ ಆ ಕೆಂಪು ನೀರು ಎರಡ್ ಸಲ ಹ್ಯಾಂಗ ಇಳೀತದ ಅಂತ?"

ಮಾಮಾ ತಣ್ಣಗೆ ಹೇಳಿದರು: "ನೀ ಅಡಿಗಿ ಮಾಡಿದ್ರ ನಾನು ಬಂದೇ ಬರ್ತೇನಿ ಅಂತ ನಿನಗ ಗೊತ್ತದ. ಆಂವಗ ಗೊತ್ತಿಲ್ಲಲಾ! ಮಾಡಿ ಇಟ್ಕೊಂಡು ಬಾಗಲಾ ನೋಡ್ಕೋತ ಕೂಡೋದು ಏನು ಸಂಕಟ ಅದ, ಒಮ್ಮೆ ಕೂತು ನೋಡು."

"ಮೂವತ್ತು ವರ್ಷ ನಾ ಮತ್ತೇನು ಮಾಡೇನಿ? ನಿಮ್ಮ ಬಸ್ ಯಾವಾಗ ಟೈಮಿಗೆ ಬಂದಿತ್ತು?"

ಆ ದಿನ ಗೆದ್ದವಳು ಅಕ್ಕ. ಆದರೆ ಮರುದಿನವೂ ಮಾಮಾ ದೋಸೆ ಹೋಟೆಲಿನಲ್ಲೇ ಇದ್ದರು.

ಔರಾದಿನಲ್ಲಿ ನಮ್ಮ ಬೀಗರ ಮನೆಯ ಮದುವೆ. ಹುಗ್ಗಿ, ತುಪ್ಪ, ಬಜ್ಜಿ, ಎರಡು ಥರದ ಪಲ್ಯ, ಪಂಕ್ತಿಯ ಮೇಲೆ ಪಂಕ್ತಿ ನಡೆದಿದೆ. ನೋಡಿದರೆ ಮಾಮಾ ಇಲ್ಲ. ಹುಡುಕುತ್ತ ಹೊರಗೆ ಬಂದೆ. ಕಲ್ಯಾಣ ಮಂಟಪದ ಎದುರಿಗೆ ಒಂದು ಸುಸಲಾ ಗಾಡಿ. ಅದರ ಮುಂದೆ ರೇಷ್ಮೆ ಶಾಲು ಹೊದ್ದು, ಹಣೆಗೆ ವಿಭೂತಿ, ತಲೆಯಲ್ಲಿ ಅಕ್ಷತೆ, ಮಾಮಾ ಸುಸಲಾ ತಿನ್ನುತ್ತಿದ್ದಾರೆ!

"ಮಾನ ಕಳದ್ರಿ ಮಾಮಾ! ಬೀಗರು ನೋಡಿದ್ರ ಏನ್ ಅಂದಾರು?"

"ಜರಾ ವಿಚಾರ ಮಾಡು. ಇವತ್ತ ಊರಿಗೂರೇ ಒಳಗ ಪುಕ್ಕಟೆ ಉಣ್ಣಲತ್ತದ. ಈ ಗಾಡಿಯಾಂವನ ಹತ್ರ ಯಾರು ಬರ್ತಾರ? ದಾಸೋಹ ಅಂದ್ರ ಬರೀ ನೀಡೋದಲ್ಲೋ ತಮ್ಮಾ, ಉಣ್ಣಾವರೂ ಬೇಕು."

ನಾನೂ ಒಂದು ಮಿರ್ಚಿ ತಿಂದೆ.

ಇಷ್ಟರಲ್ಲಿ ನನ್ನ ವ್ಯಾಪಾರದ ಬುದ್ಧಿಗೆ ಒಂದು ಸಂಗತಿ ಹೊಳೆದಿತ್ತು. ಮಾಮಾ ಯಾವ ಹೋಟೆಲಿನಲ್ಲಿ ದಿನಾ ಕೂಡುತ್ತಾರೋ ಅದು ಕೆಲವೇ ತಿಂಗಳಲ್ಲಿ ಮುಚ್ಚುತ್ತದೆ. ಖಾಲಿ ಹೋಟೆಲನ್ನೇ ಆರಿಸಿ ಹೋದರೆ ಇನ್ನೇನಾದೀತು? ದೋಸೆಯವನು ಬಾಗಿಲು ಹಾಕಿದ. ಒಂದು ಖಾನಾವಳಿ ಹೋಯಿತು, ಚಹಾದ ಶೆಡ್ಡು ಹೋಯಿತು. ಮಾಮಾ ಎಲ್ಲಿ ಉಣ್ಣುತ್ತಿದ್ದಾರೆ ಎಂದು ಅಕ್ಕನಿಂದ ತಿಳಿದುಕೊಂಡು, ಮಾಲೀಕನಿಗಿಂತ ಮೊದಲೇ ನಾನು ಅವನ ಭಟ್ಟಿಗೆ ದರ ಕಟ್ಟಿಟ್ಟುಕೊಳ್ಳುತ್ತಿದ್ದೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ. ಆಗ ಜಾಣತನ ಅನ್ನಿಸಿತ್ತು.

ಆ ಜಾಣತನ ಹೊಟ್ಟೆಯಲ್ಲಿ ನಿಲ್ಲಬೇಕಲ್ಲ! ಒಂದು ದಿನ ಚಹಾ ಕುಡಿಯುವಾಗ ನಾಲ್ಕು ಜನರ ಮಧ್ಯೆ ಹೇಳಿಬಿಟ್ಟೆ: "ನಮ್ಮ ಮಾಮಾ ಊಟಕ್ಕ ಕೂತ್ರ ಹೋಟೆಲೇ ಎದ್ದು ಹೋಗ್ತದ. ನಾನು ಟೆಂಪೋ ಚಾಲೂ ಮಾಡಿ ಇಡ್ತೇನಿ!" ಜನ ನಕ್ಕದ್ದೇ ನಕ್ಕದ್ದು. ಒಬ್ಬನಿಗಂತೂ ಚಹಾ ಮೂಗಿಗೇರಿತು. ನನಗೆ ಹೆಮ್ಮೆ. ಡಾಕ್ಟರು ಹೋದ ಮನೆಯಲ್ಲೆಲ್ಲ ಒಬ್ಬ ರೋಗಿ ಇರುತ್ತಾನೆ, ಹಾಗಂತ ಡಾಕ್ಟರೇ ರೋಗ ತಂದ ಅನ್ನಲಾದೀತೇ? ಅಷ್ಟನ್ನೂ ಸೇರಿಸಿ ಹೇಳಬಹುದಿತ್ತು. ಹೇಳಿದ್ದರೆ ಯಾರೂ ನಗುತ್ತಿರಲಿಲ್ಲ.

ವಾರದಲ್ಲಿ ಮಾತು ಸಾಲು ದಾಟಿತು. ಹನ್ನೊಂದೂವರೆಗೆ ಮಾಮಾ ಒಂದು ಖಾನಾವಳಿಗೆ ಹೋದರೆ, ಮಾಲೀಕ ಬಾಗಿಲಿಗೇ ಬಂದು ಕೈ ಮುಗಿದ: "ಊಟ ಮುಗದದರಿ ಯಜಮಾನ್ರ." ಅವನ ಹಿಂದೆ ಅನ್ನದ ಪಾತ್ರೆಯಿಂದ ಹಬೆ ಏಳುತ್ತಿತ್ತು. ಇನ್ನೊಂದು ಕಡೆ "ಇವತ್ತ ಗ್ಯಾಸ್ ಇಲ್ರಿ" ಅಂದರು. ಒಳಗೆ ಮಿರ್ಚಿ ಎಣ್ಣೆಯಲ್ಲಿ ಚುಂಯ್ ಅನ್ನುತ್ತಿತ್ತು. ಮಾಮಾಗೆ ಮೊದಮೊದಲು ಅರ್ಥವಾಗಲಿಲ್ಲ. "ಛಲೋ ವ್ಯಾಪಾರ ನಡದದ ತಮ್ಮಾ, ಹನ್ನೊಂದೂವರಿಗೇ ಖಾಲಿ!" ಎಂದು ನನ್ನ ಮುಂದೆ ಸಂತೋಷಪಟ್ಟರು.

ಅರ್ಥ ಮಾಡಿಸಿದವನು ಧಾಬಾದವನು. ನಾನು ಅಲ್ಲೇ ಅವನ ಹಳೇ ತಂದೂರಿ ಭಟ್ಟಿಗೆ ಚೌಕಾಸಿ ಮಾಡುತ್ತಿದ್ದೆ. ಮಾಮಾ ರಸ್ತೆಯಲ್ಲಿ ಹೊರಟಿದ್ದರು. ಅವನೇ ಓಡಿಹೋಗಿ ಕರೆತಂದು, ಕುರ್ಚಿ ಒರೆಸಿ, ನೀರು ಕೊಟ್ಟ. ಪಾಪ, ಎಷ್ಟು ದಿನದ ಮೇಲೆ ಮಾಮಾನ ಮುಖದಲ್ಲಿ ಕಳೆ! ಅವನು ಬಗ್ಗಿ ಹೇಳಿದ:

"ಯಜಮಾನ್ರ, ಒಂದು ಉಪಕಾರ ಮಾಡ್ರಿ. ಎದುರಿಗಿನ ಹೊಸಾ ಹೋಟೆಲ್ ಅದ ಅಲ್ರಿ, ಅಲ್ಲಿ ಒಂದ್ ತಿಂಗಳು ದಿನಾ ಹೋಗಿ ಉಣ್ರಿ. ಬಿಲ್ ನಂದು."

ಮಾಮಾ ಅವನ ಮುಖ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ನಾನು ತಂದೂರಿ ಭಟ್ಟಿಯೊಳಗೆ ತಲೆ ಹಾಕಿ, ಬಿರುಕು ಇದೆಯೇ ಎಂದು ಹುಡುಕತೊಡಗಿದೆ. ತಲೆ ಎತ್ತಿದಾಗ ಮಾಮಾ ಹೋಗಿದ್ದರು. ಕುಡಿಯದ ನೀರು ಮೇಜಿನ ಮೇಲಿತ್ತು.

ಅಂದಿನಿಂದ ಅವರು ಮೊದಲ ಸಾಲಿಗೆ ಕಾಲಿಡಲಿಲ್ಲ. ಸುಖವಾಗಿರಬೇಕಿದ್ದ ಅಕ್ಕ ಫೋನ್ ಮಾಡಿದಳು.

"ತಮ್ಮಾ, ನಿಮ್ಮ ಮಾಮಾಗ ಏನೋ ಆಗ್ಯದ. ನಿನ್ನಿ ಬ್ಯಾಳಿಗೆ ಉಪ್ಪು ಹಾಕೋದೇ ಮರತಿದ್ದೆ. ಸುಮ್ಮನ ಉಂಡು ಎದ್ರು."

"ಒಳ್ಳೇದಾತಲ್ಲಾ ಅಕ್ಕಾ, ಜಗಳ ಇಲ್ಲ."

"ಏನು ಒಳ್ಳೇದೋ ಮೂಳಾ? ಇವತ್ತ ಬೇಕಂತೇ ಹಾಕಲಿಲ್ಲ. ಇವತ್ತೂ ಏನೂ ಅನಲಿಲ್ಲ!"

ಹರಾಜಿನಲ್ಲಿ ಕೊಂಡ ಫ್ರಿಜ್ಜು ಕೆಟ್ಟದ್ದೆಂದು ತಿಳಿದಾಗಲೂ ನನಗೆ ಇಷ್ಟು ಸಂಕಟವಾಗಿರಲಿಲ್ಲ.

ಹೋದ ತಿಂಗಳು ಚಿಂತಾಕಿಯ ಒಬ್ಬ ಹೆಣ್ಣುಮಗಳು ರೊಟ್ಟಿ ಖಾನಾವಳಿ ತೆರೆಯುತ್ತೇನೆಂದು ನನ್ನ ಹತ್ತಿರ ಬೆಂಚು, ಪಾತ್ರೆ ಕೊಂಡಳು. ಚೌಕಾಸಿಯಲ್ಲಿ ನನ್ನನ್ನೇ ಮೀರಿಸಿದವಳು. ಸಾಮಾನು ಟೆಂಪೋಗೆ ಏರಿಸುವಾಗ ಕೇಳಿದಳು: "ಅಣ್ಣಾರ, ಸೋಮಾರ ಚಾಲೂ ಮಾಡ್ತೇನ್ರಿ. ಛಲೋ ಕೈಗುಣದವರು ಯಾರರೆ ಇದ್ರ ಬೋಣಿಗಿ ಕಳಸ್ರಿ."

ಬೋಣಿ ಅಂದರೆ ದಿನದ ಮೊದಲ ವ್ಯಾಪಾರ. ಮೊದಲ ಗಿರಾಕಿಯ ಕೈ ಒಳ್ಳೆಯದಿದ್ದರೆ ಮುಂದೆಲ್ಲ ಒಳ್ಳೆಯದು ಎಂದು ನಮ್ಮ ಕಡೆ ನಂಬಿಕೆ. ನಾನು ನಿಶ್ಚಯ ಮಾಡಿಬಿಟ್ಟೆ. ಈ ಸಲ ಮಾಮಾನನ್ನೇ ಕೂಡಿಸಬೇಕು. ಸಾಮಾನು ನೋಡಲು ಬಂದಾಗ ಕಟ್ಟಿಕೊಂಡು ಬಂದಿದ್ದ ಬುತ್ತಿಯಲ್ಲೇ ಈಕೆಯ ಕೈರುಚಿ ಕಂಡಿದ್ದೇನೆ, ಹೋಟೆಲು ನಡೆದೇ ನಡೆಯುತ್ತದೆ. ನಾನು ಹಬ್ಬಿಸಿದ ಮಾತು ತಾನೇ ಸಾಯುತ್ತದೆ.

ಸೋಮವಾರ ಏನೋ ನೆಪ ಹೇಳಿ ಮಾಮಾನನ್ನು ಸ್ಕೂಟರಿನ ಮೇಲೆ ಕರೆತಂದೆ. ಹೊಸ ಬೋರ್ಡು, ಬಾಗಿಲಿಗೆ ಮಾವಿನೆಲೆ ಕಂಡದ್ದೇ ಅವರು "ನಿಲ್ಲಿಸು" ಎಂದು ಇಳಿದು, ರಸ್ತೆ ದಾಟಿ, ಆಚೆಯ ಒಳದಾರಿಯ ಸಣ್ಣ ಸೇತುವೆಯ ಕಟ್ಟೆಯ ಮೇಲೆ ಖಾನಾವಳಿಗೆ ಬೆನ್ನು ಮಾಡಿ ಕೂತರು.

"ಬರ್ರಿ ಮಾಮಾ, ಪಾಪ ಆಕಿ ಕಾಯಲತ್ತಾಳ."

"ನೀ ಹೋಗಿ ಬೋಣಿ ಮಾಡು."

ತಡೆಯಲಾಗಲಿಲ್ಲ. "ಮಾಮಾ, ಆ ಮಾತು ಮೊದಲ ಆಡಿದಾಂವ ನಾನು," ಎಂದೆ.

"ಗೊತ್ತದ ಬಿಡು. ಅಂಥಾ ಕಡಕ್ ಮಾತು ಈ ರಸ್ತಾದಾಗ ಮತ್ಯಾರಿಗೆ ಬರ್ತದ?"

"ಹಂಗಾದ್ರ ಬೈರಿ ನನಗ! ಚಾಷ್ಟಿಗಿ, ನಗಸಲಾಕ ಅಂದಿದ್ದು. ನೀವು ಹೋದದ್ದಕ್ಕ ಅವು ಮುಚ್ಚಿಲ್ಲ, ಮುಚ್ಚೋ ಹಂಗ ಇದ್ದಲ್ಲಿಗೇ ನೀವು ಹೋದ್ರಿ." ಡಾಕ್ಟರು, ರೋಗಿ ಎಲ್ಲವನ್ನೂ ಹೇಳಿದೆ. ತಡವಾಗಿ, ಆದರೆ ಪೂರ್ತಿಯಾಗಿ. ಬಸ್ಸಿಗೆ ನಿಂಬೆಹಣ್ಣು ಕಟ್ಟಿದ ಡ್ರೈವರನಿಗೆ ಜೀವನವಿಡೀ ನಕ್ಕವರು ಇವರು. ಶರಣರಿಗೆ ಶಕುನ ಇಲ್ಲ ಎಂದು ನಮಗೆಲ್ಲ ಹೇಳಿಕೊಟ್ಟವರು.

ಮಾಮಾ ಎಲ್ಲ ಕೇಳಿಸಿಕೊಂಡರು. "ನೀ ಹೇಳೋದು ಬರೋಬರ್ ಇರಬಹುದು ತಮ್ಮಾ. ಆದ್ರ ಅದು ಖರೇನೋ ಸುಳ್ಳೋ ಅಂತ ಆ ಹೆಣ್ಣಮಗಳ ಹೋಟೆಲ್ ಮ್ಯಾಲ ಪರೀಕ್ಷಾ ಮಾಡೋದು ಬ್ಯಾಡ."

ಎಂಥ ವಸ್ತುವಿಗೂ ದರ ಇಳಿಸಬಲ್ಲವನು ನಾನು. ಅವರನ್ನು ಆ ಕಟ್ಟೆಯಿಂದ ಇಳಿಸಲಾಗಲಿಲ್ಲ.

ಒಬ್ಬನೇ ಒಳಗೆ ಹೋಗಿ ಕೂತೆ. ಬಿಸಿ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ ಬಂತು. ಆಕೆ ಒಲೆಯ ಹತ್ತಿರ ನಿಂತು ಬಾಗಿಲು ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕೈಗೆ ಸಿಮೆಂಟು ಮೆತ್ತಿಕೊಂಡ ಇಬ್ಬರು ಗೌಂಡಿಗಳು ಬಂದರು. ಆಮೇಲೆ ಒಬ್ಬ ಆಟೋದವ, ಅವನ ಹಿಂದೆ ಬ್ಯಾಂಕಿನವರಂತೆ ಕಾಣುವ ಮೂವರು.

"ಇಲ್ಲಿ ರೊಟ್ಟಿ ಭಾರೀ ಛಲೋ ಅದ ಅಂತಲ್ರಿ?" ಎಂದ ಆಟೋದವ. "ಅಲ್ಲಿ ಕೂತ ಯಜಮಾನ್ರು ಹೇಳಿದ್ರು. ದಿನಾ ಇಲ್ಲೇ ಉಣ್ತಾರಂತ."

ಹೋಟೆಲು ತೆರೆದು ಇನ್ನೂ ಒಂದು ತಾಸಾಗಿರಲಿಲ್ಲ! ಆಕೆ ಬಾಗಿಲಿಗೆ ಬಂದು, ಕಣ್ಣ ಮೇಲೆ ಕೈ ಇಟ್ಟು ರಸ್ತೆಯಾಚೆ ನೋಡಿದಳು.

"ಯಾರ್ರಿ ಅಣ್ಣಾರ ಅವರು? ಬಿಸಲಾಗ ಯಾಕ ಕೂತಾರ? ಒಳಗ ಕರೀರಿ, ಎರಡ್ ರೊಟ್ಟಿ ಉಣ್ಣಲಿ."

"ಅವರದು ಊಟ ಆಗ್ಯದವ್ವಾ," ಎಂದೆ.

ಮಾಮಾ ಇತ್ತ ತಿರುಗಲಿಲ್ಲ. ನೆತ್ತಿ ಸುಡುವ ಬಿಸಿಲಿನಲ್ಲಿ ಇನ್ನೊಬ್ಬ ಬೈಕಿನವನನ್ನು ನಿಲ್ಲಿಸಿ, ನಮ್ಮತ್ತ ನೋಡದೆಯೇ, ಭುಜದ ಮೇಲಿಂದ ಕೈ ಹಿಂದಕ್ಕೆ ಮಾಡಿ ಖಾನಾವಳಿ ತೋರಿಸುತ್ತಿದ್ದರು.