ಎಲ್ಲ ಮಕ್ಕಳಿಗೂ ಒಂದೊಂದು ಚಮಚ

ಮಕ್ಕಳಿರುವ ಮನೆಗೆ ಔಷಧದ ಸೀಸೆ ಕೊಟ್ಟು ಬಂದ ನರ್ಸಿಗೆ ಒಂದಲ್ಲ ಒಂದು ಫಜೀತಿ ಕಾದೇ ಇರುತ್ತದೆ. ಎಪ್ಪತ್ತರ ದಶಕದಲ್ಲಿ ನಾನು ರಾಮಗಿರಿ ಸುತ್ತಮುತ್ತಲ ಹಳ್ಳಿಗಳಿಗೆ ನರ್ಸಮ್ಮನಾಗಿದ್ದೆ. ಹುಟ್ಟಾ ಪುಕ್ಕಲಿ. ಈಗ ಇವನ್ನೆಲ್ಲ ಹೇಳಿ ನಗಿಸುತ್ತೇನೆ, ಆಗ ಮಾತ್ರ ಕೈಕಾಲು ತಣ್ಣಗಾಗುತ್ತಿದ್ದವು.

ಗಟ್ಟಿಮುಟ್ಟಾದ ಮಗು

ನಮ್ಮ ಡಾಕ್ಟರು ಒಂದು ದಿನ ಚಿತ್ರದುರ್ಗದಲ್ಲಿ ಮೀಟಿಂಗ್ ಮುಗಿಸಿ ಬಂದವರು ಮುಖ ಸಪ್ಪಗೆ ಮಾಡಿಕೊಂಡು ಕೂತರು.

"ಸಿಸ್ಟರ್, ಔಷಧ ಅರ್ಧಂಬರ್ಧ ಕುಡಿದ್ರೆ ರೋಗಾಣು ಎಲ್ಲ ಸಾಯೋದಿಲ್ಲ. ಗಟ್ಟಿಯಾದವು ಉಳ್ಕೊಳ್ತವೆ, ಆಮೇಲೆ ಆ ಔಷಧಕ್ಕೆ ಬಗ್ಗೋದೇ ಇಲ್ಲ. ಸಣ್ಣ ಮಕ್ಕಳ ಹೊಟ್ಟೇಲಿ ಸದ್ದಿಲ್ಲದೆ ಸೇರ್ಕೊಂಡು ಒಬ್ಬರಿಂದ ಒಬ್ಬರಿಗೆ ಹರಡ್ತವೆ. ನಾಳೆ ನಿಜವಾಗಿ ಕಾಯಿಲೆ ಬಂದ್ರೆ ಕೊಡೋಕೆ ನಮ್ಮ ಹತ್ರ ಏನೂ ಇರೋದಿಲ್ಲ" ಎಂದರು.

"ಅಂಥ ಮಗೂನ ಗುರುತು ಹಿಡಿಯೋದು ಹೇಗೆ ಸಾರ್?"

"ಹಿಡಿಯೋಕಾಗಲ್ಲ. ಚೆನ್ನಾಗಿ ಉಂಡು ಆಡ್ಕೊಂಡಿರುತ್ತೆ."

ಅಷ್ಟು ಸಾಕಾಯಿತು ನನಗೆ. ಅಲ್ಲಿಯವರೆಗೆ ಕಾಯಿಲೆಯ ಮಕ್ಕಳಿಗೆ ಹೆದರುತ್ತಿದ್ದವಳು ಅಂದಿನಿಂದ ಚೆನ್ನಾಗಿರುವ ಮಕ್ಕಳಿಗೂ ಹೆದರತೊಡಗಿದೆ. ಹೊಳಲ್ಕೆರೆ ಬಸ್ಸಿನಲ್ಲಿ ಪಕ್ಕದ ಹೆಂಗಸಿನ ತೊಡೆಯ ಮೇಲಿದ್ದ ಮಗುವೊಂದು, ಚೀಪುತ್ತಿದ್ದ ಬೆರಳನ್ನು ಬಾಯಿಂದ ತೆಗೆದು ನನ್ನ ಗಲ್ಲ ಮುಟ್ಟಿತು. ನಾನು ಚಂಗನೆ ಎದ್ದು ನಿಂತೆ.

"ಯಾಕ್ರಿ ನರ್ಸಮ್ಮ? ನಮ್ ಮಗಿಗೆ ಏನೂ ಆಗಿಲ್ರಿ, ಗುಂಡ್ಕಲ್ಲಂಗೈತೆ!" ಎಂದಳು ತಾಯಿ.

"ಅದಕ್ಕೇ ಕಣಮ್ಮ ಹೆದರಿಕೆ" ಎಂದುಬಿಟ್ಟೆ. ಆಕೆ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ನನ್ನೆದುರಿಗೇ ನೆಟಿಗೆ ಮುರಿದು ದೃಷ್ಟಿ ತೆಗೆದಳು.

ಹೊಟ್ಟೆಯೊಳಗಿನ ಕಳ್ಳ

ಮತ್ತೋಡಿನ ಕಡೆಯ ಕುರಿಗಾರನೊಬ್ಬ ಊರಾಚೆಯ ಹೊಲದಲ್ಲಿ ಮಂದೆ ನಿಲ್ಲಿಸಿಕೊಂಡಿದ್ದ. ಅವನ ಮಗನಿಗೆ ಜ್ವರವೆಂದು ಮಾತ್ರೆ ಕೊಟ್ಟಿದ್ದೆವು. ಜ್ವರ ಬಿಟ್ಟದ್ದೇ ತಡ, ಉಳಿದ ಮಾತ್ರೆಗಳನ್ನು ಪುಣ್ಯಾತ್ಮ ಕುರಿಮರಿಗಳಿಗೆ ತಿನ್ನಿಸಿದ್ದ. ನಾನು ರೇಗಿದೆ.

"ಜ್ವರ ಹೋದ್ಮ್ಯಾಲೂ ಮಾತ್ರೆ ಯಾಕ್ರಿ ನರ್ಸಮ್ಮ? ಕಳ್ಳ ಓಡೋದ್ಮ್ಯಾಲೆ ದೊಣ್ಣೆ ಯಾರಿಗ್ ಬೀಸಾಣ?"

"ಓಡಿಲ್ಲ ಕಣಯ್ಯ! ನಿನ್ನ ಮಗನ ಹೊಟ್ಟೆಯೊಳಗೇ ಬಚ್ಚಿಟ್ಕೊಂಡಿದಾನೆ. ಈಗ ಬಿಟ್ರೆ ಮುಂದಿನ ಸಲ ಮಚ್ಚು ಹಿಡ್ಕೊಂಡು ಬರ್ತಾನೆ."

ಅವನ ಮುಖ ಕಪ್ಪಿಟ್ಟಿತು. ಬೇರೆ ಮಾತ್ರೆ ತೆಗೆದುಕೊಂಡು ಹೋದ. ಎಷ್ಟು ಚೆನ್ನಾಗಿ ತಿಳಿಸಿ ಹೇಳಿದೆನೆಂದು ನಾನೂ ಬೀಗಿದೆ. ಮಾರನೆಯ ದಿನ ಮಗನನ್ನು ಹೆಗಲ ಮೇಲೆ ಹೊತ್ತು ಓಡಿ ಬಂದ.

"ಮಾತ್ರೆ ನುಂಗ್ತಾನ್ರಿ, ಉಣ್ಣಾಕೆ ಮಾತ್ರ ಒಲ್ಲೆ ಅಂತಾನೆ."

ಹುಡುಗ ತುಟಿ ಬಿಗಿದುಕೊಂಡಿದ್ದ. ತಲೆ ಸವರಿ, ಯಾಕಪ್ಪ ಎಂದು ಕೇಳಿದೆ.

"ಕಳ್ಳಂಗೆ ನಾನ್ಯಾಕೆ ಮುದ್ದೆ ಹಾಕ್ಲಿ?" ಎಂದ.

ಸಾಲಾಗಿ ಕೂತವರು

ನಿಜವಾಗಿ ಜೀವ ಹೋಗುವಷ್ಟು ಹೆದರಿದ್ದು ಇದಾದ ಮೇಲೆ. ಊರೊಳಗಿನ ಒಂದು ಮನೆಯಲ್ಲಿ ಮೂರು ವರ್ಷದ ಹುಡುಗಿಗೆ ಟೈಫಾಯ್ಡ್ ಬಂತು. ತಾಯಿ ಬಾಣಂತನಕ್ಕೆಂದು ಹಿರಿಯೂರಿನ ತವರಿಗೆ ಹೋಗಿದ್ದಳು. ಮನೆ, ಮಕ್ಕಳು ಎಲ್ಲ ಅಜ್ಜಿಯ ಕೈಯಲ್ಲಿ. ಡಾಕ್ಟರು ಹುಡುಗಿಗೆ ಸಿರಪ್ ಕೊಟ್ಟರು. ಸೀಸೆ ಬರಿದಾಗುತ್ತ ಬಂತು, ಜ್ವರ ಇಳಿಯಲಿಲ್ಲ. ಹುಡುಗಿ ಕಣ್ಣು ಬಿಡಲಾರದಷ್ಟು ಸೊರಗಿದಳು.

"ಇದು ಬಗ್ಗದ ಜಾತಿಯದೇ ಇರಬೇಕು ಸಿಸ್ಟರ್" ಎಂದರು ಡಾಕ್ಟರು. ಆ ಮನೆಗೆ ಓಡಿದೆ.

ನಡುಮನೆಯಲ್ಲಿ ಮಲಗಿದ್ದ ಹುಡುಗಿಯ ಪಕ್ಕದಲ್ಲಿ ಅವಳ ಅಣ್ಣಂದಿರು ಮೂವರೂ ಚಕ್ಕಂಬಕ್ಕಳ ಹಾಕಿ, ಬಾಯಿ ತೆರೆದುಕೊಂಡು ಸಾಲಾಗಿ ಕೂತಿದ್ದರು. ಅಜ್ಜಿ ಒಬ್ಬೊಬ್ಬರಿಗೂ ಒಂದೊಂದು ಚಮಚ ಔಷಧ ಹಾಕುತ್ತಿದ್ದರು.

"ಅಜ್ಜಿ, ಇದೇನ್ ಮಾಡ್ತಿದೀರಿ!"

"ಸೀ ಐತಲ್ಲವ್ವ, ಹುಡುಗ್ರು ಆಸೆ ಬೀಳ್ತಾವೆ. ಒಬ್ಬರಿಗೆ ಇಕ್ಕಿ ಒಬ್ಬರಿಗೆ ಇಕ್ಕದೆ ಪಂಕ್ತಿಭೇದ ಮಾಡಿದ್ರೆ ಶಿವ ಮೆಚ್ತಾನಾ?"

"ಅವರಿಗೆ ಕಾಯಿಲೆಯೇ ಇಲ್ವಲ್ಲ!"

"ಸಿಡುಬು ಬರಾಕ್ ಮುಂಚೇನೇ ನೀವು ಚುಚ್ಚಲ್ವಾ? ಹಂಗೇ ಇದೂವೆ" ಎಂದರು ಅಜ್ಜಿ. ನಾನು ಸೀಸೆ ಕಿತ್ತುಕೊಂಡು ಡಾಕ್ಟರ ಬಳಿಗೆ ಓಡಿದೆ.

ಎರಡು ಸೀಸೆ

ಹುಡುಗಿಯ ಪಾಲಿನ ಔಷಧ ನಾಲ್ಕು ಹೊಟ್ಟೆಗೆ ಹಂಚಿಹೋಗಿತ್ತು. ಅವಳಿಗೆ ಸಾಲಲಿಲ್ಲ. ಹುಡುಗರ ಹೊಟ್ಟೆಯಲ್ಲಿದ್ದ ರೋಗಾಣುಗಳಿಗೆ ಔಷಧ ತಡೆದುಕೊಳ್ಳುವ ಪಾಠ ಹೇಳಿದಂತಾಯಿತು. ಡಾಕ್ಟರು ತಲೆ ಕೆರೆದುಕೊಂಡು ಒಂದು ಉಪಾಯ ಹೂಡಿದರು. ಹುಡುಗಿಗೆ ನಿಜವಾದ ಔಷಧದ ಹೊಸ ಸೀಸೆ, ಅಣ್ಣಂದಿರಿಗೆ ಬರೀ ಸಕ್ಕರೆ ಪಾಕದ್ದೊಂದು. ಯಾವುದು ಯಾರಿಗೆಂದು ಅಜ್ಜಿಗೆ ಹೇಳಿ, ಅವರ ಬಾಯಲ್ಲೂ ಹೇಳಿಸಿ ಬಂದೆ.

ಮರುದಿನ ಹೋಗಿ ನೋಡಿದರೆ ಎರಡು ಸೀಸೆಯೂ ಖಾಲಿ. ಪಕ್ಕದಲ್ಲೊಂದು ಚೊಂಬು.

"ಅದರ ಬಣ್ಣ ಒಂದ್ ತರ, ಇದರ ಬಣ್ಣ ಒಂದ್ ತರ ಇತ್ತವ್ವ. ಹುಡುಗ್ರು ಜಗಳಕ್ಕೆ ಬಿದ್ವು. ಎರಡೂ ಬೆರೆಸಿ ಸಮ ಮಾಡಿಟ್ಟೀನಿ."

ನಾನು ಜಗಲಿಯ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತೆ. "ಹಿಂಗಾದ್ರೆ ಹುಡುಗಿ ಉಳಿಯಲ್ಲ ಅಜ್ಜಿ" ಎಂದೆ. ಬೈದಾಗ ಕೇಳದ ಅಜ್ಜಿ ನನ್ನ ಅಳು ಕಂಡು ಹೆದರಿದರು. ಮೊಮ್ಮಗಳನ್ನು ಸೊಂಟಕ್ಕೇರಿಸಿ ಆಸ್ಪತ್ರೆಯ ದಾರಿ ಹಿಡಿದರು. ನಾನು ಅಳುತ್ತ ಹಿಂದೆ ಹೋದೆ. ದಾರಿಯುದ್ದಕ್ಕೂ ಜನ ಅಜ್ಜಿಯನ್ನು ಬಿಟ್ಟು ನನಗೇ ಸಮಾಧಾನ ಹೇಳಿದರು.

ಬಾಯಿ ತುಂಬ ಔಷಧ

ಆಸ್ಪತ್ರೆಯಲ್ಲಿ ಹೊತ್ತುಹೊತ್ತಿಗೆ ನಾನೇ ಕುಡಿಸಿದೆ. ಔಷಧ ಸಾಲದೆ ಜ್ವರ ಉಳಿದಿತ್ತೋ, ರೋಗಾಣುವೇ ಬಗ್ಗದ ಜಾತಿಯದೋ ಯಾರಿಗೂ ತಿಳಿಯದು. ಬಾಗಿಲಲ್ಲಿ ಕೂತ ಅಜ್ಜಿ, ನಾನು ಥರ್ಮಾಮೀಟರ್ ತೆಗೆದಾಗಲೆಲ್ಲ "ಇಳೀತೇನವ್ವ?" ಎನ್ನುತ್ತಿದ್ದರು. ಇನ್ನೂ ಇಲ್ಲವೆಂದು ತಲೆಯಾಡಿಸಿ ಹಣೆಯ ಒದ್ದೆ ಬಟ್ಟೆ ಬದಲಿಸುತ್ತಿದ್ದೆ. ಒಂದು ಬೆಳಿಗ್ಗೆ ಹುಡುಗಿಯ ಹಣೆ ಬೆವತಿತ್ತು. ಕಣ್ಣು ಬಿಟ್ಟು ಮಜ್ಜಿಗೆ ಕೇಳಿದಳು. ನಾನು ಮತ್ತೆ ಅತ್ತೆ.

"ಈ ಸಲ ಬಗ್ಗಿತು" ಎಂದರು ಡಾಕ್ಟರು. "ಆ ಮೂವರ ಹೊಟ್ಟೇಲಿ ಏನು ಕಲಿತು ಕೂತಿದೆಯೋ ದೇವರೇ ಬಲ್ಲ. ಇವಳಿಗೆ ಮಾತ್ರ ಔಷಧ ಮುಗಿಯೋವರೆಗೂ ನಿಲ್ಲಿಸ್ಬೇಡಿ." ಅಜ್ಜಿ ಕಿವಿಗೊಟ್ಟು ಎಲ್ಲವನ್ನೂ ಕೇಳಿಸಿಕೊಂಡರು.

ಹುಡುಗಿ ಎದ್ದು ಓಡಾಡುವಷ್ಟಾದಾಗ ಅಣ್ಣಂದಿರು ನೋಡಲು ಬಂದರು. ನಾನು ಅವಳ ಬಾಯಿಗೆ ಔಷಧ ಹಾಕಿದೆ. ಅವಳು ನುಂಗಲಿಲ್ಲ. ಕೆನ್ನೆ ಉಬ್ಬಿಸಿಕೊಂಡೇ ಮಂಚದಿಂದ ಜಾರಿ ಬಾಗಿಲ ಕಡೆ ಹೊರಟಳು. ಅಲ್ಲಿ ಕಿರಿಯ ಅಣ್ಣ ಆಗಲೇ ಆ ಎಂದು ಬಾಯಿ ತೆರೆದು ನಿಂತಿದ್ದ. ಪಾಪ, ಅವನ ಪಾಲನ್ನು ಬಾಯಲ್ಲೇ ಇಟ್ಟುಕೊಂಡು ಹೊರಟಿದ್ದಳು! ನಾನು ಚಮಚ ಬಿಸಾಕಿ ಎದ್ದೆ. ಅಷ್ಟರಲ್ಲಿ ಅಜ್ಜಿ ಹಾರಿ ಬಂದು ಹುಡುಗನ ಬಾಯನ್ನು ಅಂಗೈಯಿಂದ ಮುಚ್ಚಿ ಹಿಡಿದು, ಇಡೀ ಆಸ್ಪತ್ರೆಗೆ ಕೇಳುವಂತೆ ಕಿರುಚಿದರು:

"ನುಂಗೇ ನಮ್ಮವ್ವಾ! ಯಾರಿಗೂ ಕೊಡಬ್ಯಾಡ, ನೀನೊಬ್ಳೇ ನುಂಗು!"