ತುರಿಮಣೆ ಬಿಟ್ಟ ಆರು ವಾರ

ಕಾಯಿಲೆ ಬರುವುದಾದರೆ ನಾಲ್ಕು ಜನರೆದುರು ಹೇಳಿಕೊಳ್ಳುವಂಥ ಕಾರಣದಿಂದಲೇ ಬರಲಿ ಎಂಬ ಆಸೆ ನನ್ನದು. ಹಾಗಾಗಿ ಬಲಮೊಣಕಾಲು ನೋಯತೊಡಗಿದಾಗ, ಇಪ್ಪತ್ತೆಂಟು ವರ್ಷ ಶಾಲೆಯ ಮೆಟ್ಟಿಲು ಹತ್ತಿಳಿದು ಪಾಠ ಮಾಡಿದ್ದರ ಫಲ ಇದು ಎಂದು ಕಾಪುವಿನ ನಮ್ಮ ನೆರೆಕರೆಗೆಲ್ಲ ಸಾರಿಬಿಟ್ಟಿದ್ದೆ. ಕಾರ್ಕಳದ ಅಕ್ಕ ಒಂದು ಎಣ್ಣೆ ಕೊಟ್ಟಳು. ಅದರ ವಾಸನೆಗೆ ನಮ್ಮ ಬೆಕ್ಕು ಮನೆ ಬಿಟ್ಟಿತು, ನೋವು ಬಿಡಲಿಲ್ಲ.

ಕೊನೆಗೆ ಮಣಿಪಾಲಕ್ಕೆ ಹೋದೆವು. ನನ್ನ ಮಗಳ ಪ್ರಾಯದ ಡಾಕ್ಟರು ಮೊಣಕಾಲ ಚಿಪ್ಪಿನ ಒಳಬದಿಯನ್ನು ಒತ್ತಿದಾಗ ಮಲಗಿದ್ದವಳು ಅರ್ಧ ಎದ್ದು ಕೂತೆ. ಎಕ್ಸ್‌ರೇಯಲ್ಲಿ ಎಲುಬು ಗಟ್ಟಿಯಾಗಿಯೇ ಇತ್ತು. ಸತ್ಯ ಹೇಳುವುದಾದರೆ ನನಗೆ ಸ್ವಲ್ಪ ನಿರಾಸೆಯೇ ಆಯಿತು. "ಕೀಲಿನ ಒಳಗೆ ತೆಳು ಪೊರೆ ಉಂಟು ಅಮ್ಮ, ಅದು ಕೆರಳಿ ಊದಿಕೊಂಡಿದೆ. ದಿನಾ ಕಾಲು ಮಡಚಿ ಎಂತ ಕೆಲಸ ಮಾಡ್ತೀರಿ?" ಎಂದು ಕೇಳಿದರು. ನಾನು ಮೆಟ್ಟಿಲಿನ ಕತೆ ಶುರುಮಾಡುವಷ್ಟರಲ್ಲಿ ಪಕ್ಕದಲ್ಲಿದ್ದ ಯಜಮಾನರು ಬಾಯಿ ಹಾಕಿದರು: "ದಿನಾ ಎರಡು ತೆಂಗಿನಕಾಯಿ ತುರೀತಾಳೆ ಡಾಕ್ಟ್ರೇ, ಬಲಗಾಲು ಮಡಚಿ ಮಣೆ ಮೇಲೆ ಕೂತು." ನನ್ನ ಇಪ್ಪತ್ತೆಂಟು ವರ್ಷದ ಸೇವೆ ಅಲ್ಲಿಗೆ ಮುಗಿಯಿತು. ಐದು ದಿನ ಮಾತ್ರೆ, ಐಸು, ತೊಡೆಗೆ ವ್ಯಾಯಾಮ. ಆರು ವಾರ ತುರಿಮಣೆಯ ಹತ್ತಿರ ಸುಳಿಯಬಾರದು.

ತುರಿಯುವ ಕೆಲಸ ಯಜಮಾನರ ಪಾಲಿಗೆ ಬಂತು. ಅವರು ಮೇಜಿನ ಅಂಚಿಗೆ ಬಿಗಿದು ಕೈಯಲ್ಲಿ ತಿರುಗಿಸುವ ಯಂತ್ರವೊಂದನ್ನು ತಂದರು. ನಾನು ಮೊಣಕಾಲಿಗೆ ಐಸು ಹಿಡಿದುಕೊಂಡು ಎದುರಿನ ಕುರ್ಚಿಯಲ್ಲಿ ಮೇಲ್ವಿಚಾರಣೆಗೆ ಕೂತೆ. "ಕರಟ ಬರ್ತಾ ಉಂಟು, ಸಾಕು ಮಾಡಿ" ಎನ್ನುವುದರಲ್ಲೇ ಮೊದಲ ವಾರ ಕಳೆಯಿತು. ಮೂವತ್ತು ವರ್ಷ ಬೆಳಗಿನ ಹೊತ್ತು ಅವರು ಚಾವಡಿಯಲ್ಲಿ ಪೇಪರಿನ ಹಿಂದೆ, ನಾನು ಅಡುಗೆಮನೆಯಲ್ಲಿ ಮಿಕ್ಸಿಯ ಮುಂದೆ. ಈಗ ಕೈ ತಿರುಗತೊಡಗಿದ ಕೂಡಲೇ ಅವರಿಗೆ ಮಾತು ಬರತೊಡಗಿತು. ಹೆಜಮಾಡಿಯಲ್ಲಿ ಬಲೆ ಎಳೆಯುವವರ ಜೊತೆ ಸೇರಿ ಶಾಲೆ ತಪ್ಪಿಸಿದ್ದು ಹೇಳಿದರು. ಮದುವೆಗೆ ಮೊದಲು ಮುಂಬಯಿಯ ಹೋಟೆಲಿನಲ್ಲಿದ್ದಾಗ, ಮೊದಲ ತಿಂಗಳು ಪಾತ್ರೆ ತೊಳೆಯುವ ನೀರಿನಲ್ಲೇ ಮುಖ ತೊಳೆದು ಅಳು ಮುಚ್ಚಿಕೊಂಡದ್ದನ್ನೂ ಹೇಳಿದರು. ಒಟ್ಟಿಗೆ ಬಾಳಿದ ಮನುಷ್ಯನ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇನಾ ಎಂದು ನಾಚಿಕೆಯಾಯಿತು. ಬೆಳಗಾಗುವುದನ್ನೇ ಕಾಯುವಂತಾಯಿತು.

ಹಾಳಾದ ನೋವು ಹೇಳಿದ ಸಮಯಕ್ಕೆ ಸರಿಯಾಗಿ ಹೋಯಿತು. ಮತ್ತೆ ಮಣಿಪಾಲಕ್ಕೆ ಹೋದಾಗ ಡಾಕ್ಟರು ಒತ್ತಿ ನೋಡಿ, "ಇನ್ನು ಸ್ವಲ್ಪ ಸ್ವಲ್ಪ ಮಡಚಬಹುದು. ಕಾಯಿ ತುರಿಯಲಿಕ್ಕೂ ಅಡ್ಡಿಯಿಲ್ಲ" ಎಂದರು. ನನಗೆ ಸಂತೋಷವೇ ಆಗಲಿಲ್ಲ.

"ಇನ್ನೂ ಚೂರು ನೋವುಂಟು ಡಾಕ್ಟ್ರೇ" ಎಂದೆ.

"ಎಲ್ಲಿ?"

ಗಡಿಬಿಡಿಯಲ್ಲಿ ಎಡಮೊಣಕಾಲನ್ನು ಹಿಡಿದು ತೋರಿಸಿದೆ. ಡಾಕ್ಟರು ಚೀಟಿ ನೋಡಿದರು, ನನ್ನನ್ನು ನೋಡಿದರು. ಯಜಮಾನರು ಮಾತ್ರ ನನ್ನ ಕೈಯನ್ನೇ ನೋಡುತ್ತಿದ್ದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಹೌದು ಡಾಕ್ಟ್ರೇ, ಅವಳಿಗೆ ನೋವುಂಟು. ಕಾಯಿ ನಾನೇ ತುರೀತೇನೆ" ಎಂದರು.

ಹೊರಗೆ ಬಂದು ಬಸ್ಸು ಹತ್ತುವಾಗ, ಇನ್ನು ಮೇಲೆ ಯಾವ ಕಾಲು ಕುಂಟಬೇಕು ಎಂದು ಅವರನ್ನೇ ಮೆಲ್ಲನೆ ಕೇಳಿದೆ.