ಅರವತ್ತೊಂಬತ್ತು ಜಿಬಿ ಖೋತಾ

ಎರಡು ಸಾವಿರದ ಎಂಟರ ಆ ಭಾನುವಾರದ ತನಕ ಪುಣೆಯ ಧನಕವಡಿಯ ಆ ಹೌಸಿಂಗ್ ಸೊಸೈಟಿಯಲ್ಲಿ ಎಲ್ಲರಿಗಿಂತ ದೊಡ್ಡ ಹಾರ್ಡ್ ಡಿಸ್ಕ್ ಅವ್ವಣ್ಣನದಾಗಿತ್ತು. ಐನೂರು ಜಿಬಿ! ಎದುರುಮನೆಯ ವಿಮಾ ಗುಮಾಸ್ತ ಸಿದ್ದಾರೂಢನಿಗೆ ಆರು ತಿಂಗಳಿಂದ ಈ ಹೊಟ್ಟೆಕಿಚ್ಚಿನಲ್ಲಿ ಅನ್ನ ಸೇರುತ್ತಿರಲಿಲ್ಲ. ಕಡೆಗೆ ದೀಪಾವಳಿಯ ಬೋನಸ್ಸೆಲ್ಲ ಸುರಿದು ಒಂದು ಟೆರಾಬೈಟಿನದನ್ನೇ ತಂದ. ಅದರಲ್ಲಿ ತುಂಬಲು ಅವನ ಬಳಿ ಇದ್ದದ್ದು ಮಹಾಬಳೇಶ್ವರದ ಇಪ್ಪತ್ತೆರಡು ಫೋಟೊ. ಇಪ್ಪತ್ತೆರಡರಲ್ಲೂ ಅವನು ಕುದುರೆಯ ಮೇಲೆ ಹೆದರಿ ಕಣ್ಣು ಮುಚ್ಚಿ ಕೂತಿದ್ದ. ಅವನ್ನೇ ಹಾಕಿ, ಅವ್ವಣ್ಣನನ್ನು ಚಹಾಕ್ಕೆ ಕರೆದ.

"ಒಂದು ಟೆರಾಬೈಟ್ ಅಂದ್ರ ಸಾವಿರ ಜಿಬಿ ನೋಡ್ರಿ. ನಿಮ್ಮದರ ಎರಡು ಪಟ್ಟು!"

ಕಂಪ್ಯೂಟರ್ ತೋರಿಸಿದ್ದು ಒಂಬೈನೂರ ಮೂವತ್ತೊಂದು.

"ಉಳದ ಅರವತ್ತೊಂಬತ್ತು ಎಲ್ಲಿ ಹೋತ್ರಿ?" ಅವ್ವಣ್ಣ ಬಲು ಮರುಕದಿಂದ ಕೇಳಿದ. ಆ ಮರುಕ ಸಿದ್ದಾರೂಢನ ಎದೆಗೇ ನಾಟಿತು.

"ಇದ್ದದ್ದ ತುಂಬೂದಿಲ್ಲ, ಇಲ್ಲದ್ದಕ್ಯಾಕ ಅಳತೀರಿ?" ಎಂದು ಹೆಂಡತಿ ಶೈಲಶ್ರೀ ಅಡಿಗೆಯ ಅರಿಷಿಣದ ಕೈಯಲ್ಲೇ ಡಬ್ಬಿ ಹಿಡಿದು ಕೂಗುತ್ತಿದ್ದಂತೆಯೇ ಅದನ್ನು ಕಸಿದು, ಡಿಸ್ಕನ್ನು ತುರುಕಿ ಅಂಗಡಿಗೆ ಓಡಿದ.

ಅಂಗಡಿಯ ಪಂಢರಿನಾಥ ಸೋಲಾಪುರದವನು, ಕನ್ನಡ ಬಲ್ಲವನು. "ಸಾಹೇಬ್ರ, ಕಂಪನಿಯವರು ಸಾವಿರದ ಲೆಕ್ಕದಾಗ ಎಣಸ್ತಾರ, ಕಂಪ್ಯೂಟರ್ ಸಾವಿರದಿಪ್ಪತ್ನಾಲ್ಕರ ಲೆಕ್ಕದಾಗ. ಎಲ್ಲಾ ಡಿಸ್ಕಿಗೂ ಹಿಂಗ ಕಡಿಮಿ ಕಾಣಸ್ತದ."

"ಅವ್ವಣ್ಣನ ಐನೂರಕ್ಕೂ?" ಸಿದ್ದಾರೂಢನ ಮುಖ ಅರಳಿತು. "ಅವಂದೆಷ್ಟು ಹೋಗಿರ್ತದ?"

"ಮೂವತ್ತೈದು."

ಅರಳಿದ ಮುಖ ಬಾಡಿತು. "ಅವಂದು ಬರೇ ಮೂವತ್ತೈದು, ನಂದು ಅರವತ್ತೊಂಬತ್ತಾ? ಇದ್ಯಾವ ನ್ಯಾಯರಿ! ಇದನ್ನ ಇಟ್ಕೊಂಡು ನನಗೂ ಐನೂರು ಜಿಬೀದು ಕೊಡ್ರಿ."

ಪಂಢರಿನಾಥ ಎರಡು ಸಲ ತಿಳಿಸಿ ಹೇಳಿ ನೋಡಿದ. ಮೂರನೆಯ ಸಲ ಸುಮ್ಮನೆ ಬದಲಿಸಿ ಕೊಟ್ಟ. ಇನ್ನು ನಷ್ಟದಲ್ಲಾದರೂ ಅವ್ವಣ್ಣ ತನಗಿಂತ ಮೇಲಲ್ಲ ಎಂಬ ನೆಮ್ಮದಿಯಲ್ಲಿ ಸಿದ್ದಾರೂಢ ಹೋಟೆಲಿನಲ್ಲಿ ಎರಡು ಪ್ಲೇಟು ಮಿಸಳ್ ತಿಂದು ಸಂಜೆಗೆ ಮನೆಗೆ ಬಂದ.

ಮೆಟ್ಟಿಲ ಮೇಲೆ ಅವ್ವಣ್ಣ ಸಿಕ್ಕ. ಅವನ ಕಂಕುಳಲ್ಲಿ ಒಂದು ಡಬ್ಬಿ. ಅದರ ಮೂಲೆಯಲ್ಲಿ ಶೈಲಶ್ರೀಯ ಅರಿಷಿಣದ ಕೈಯ ಗುರುತು ಹಾಗೇ ಇತ್ತು.

"ನಿಮ್ಮದ ನೋಡಿ ನನಗೂ ಹೊಟ್ಟಿ ಉರೀತ್ರಿ, ಟೆರಾಬೈಟ್ ತಂದೆ!" ಎಂದ ಅವ್ವಣ್ಣ. "ಯಾವನೋ ಶಾಣ್ಯಾ ಕಡಿಮಿ ಬಿತ್ತಂತ ಮಧ್ಯಾಹ್ನ ವಾಪಸ್ ಕೊಟ್ಟಾನಂತ. ಭಾಳ ಅಗ್ಗಕ್ಕ ಸಿಕ್ತು. ಅವಂದು ಇಪ್ಪತ್ತೆರಡು ಫೋಟೊನೂ ಇದರಾಗ ಉಳದಾವಂತ. ಸೊಸೈಟಿ ಮಂದೀನೆಲ್ಲಾ ಕರದೀನಿ. ನೀವೂ ಬರ್ರಿ, ಯಾವನಂತ ನೋಡೋಣು!"